ಚಿಕ್ಕಪ್ಪನ ಕುಡಿತ, ಕರುಳಿನ ಕಥೆ

ನಮ್ಮ ಚಿಕ್ಕಪ್ಪ ಕುಡಿತ ಬಿಡಿಸೋ ಕೇಂದ್ರದಲ್ಲಿ ಮೂರು ವಾರ ಇದ್ದು ಮಂಡ್ಯಕ್ಕೆ ವಾಪಸ್ ಬಂದ. ಹನ್ನೊಂದನೇ ದಿನಕ್ಕೆ ಮತ್ತೆ ಶುರು. ಅರಳಿಕಟ್ಟೆ ಮೇಲೆ ಕೂತವರದು ಒಂದೇ ಮಾತು: "ಅವ್ನಿಗೆ ಮನ್ಸು ಗಟ್ಟಿ ಇಲ್ಲ ಕಣ್ಲಾ." ಸುಳ್ಳು ಯಾಕೆ, ನಾನೂ ಹಂಗೇ ಅಂದಿದ್ದೆ.

ಈಗ ಅನ್ನಲ್ಲ. 2014ರಲ್ಲಿ ಬೆಲ್ಜಿಯಂನ ಸಂಶೋಧಕರು ಕುಡಿತಕ್ಕೆ ದಾಸರಾದವರ ಕರುಳು ನೋಡಿದರು. ಕೆಲವರ ಕರುಳಿನ ಗೋಡೆ ಸೋರುತ್ತಿತ್ತು, ಒಳಗಿನ ಬ್ಯಾಕ್ಟೀರಿಯಾಗಳೂ ಏರುಪೇರಾಗಿದ್ದವು. ಮೂರು ವಾರ ಹನಿ ಮುಟ್ಟದಿದ್ದರೂ ಅಂಥವರಲ್ಲೇ ಖಿನ್ನತೆ, ಆತಂಕ, ಕುಡೀಬೇಕು ಅನ್ನೋ ಚಡಪಡಿಕೆ ಜಾಸ್ತಿ. ಮೂರು ವಾರ! ಚಿಕ್ಕಪ್ಪ ಮನೆಗೆ ಬಂದಿದ್ದು ಸರಿಯಾಗಿ ಆ ಹೊತ್ತಿಗೆ.

ಬರೀ ಹೆಂಡದ ಮಾತಲ್ಲ. 2016ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಕಾಲೇಜಿನಲ್ಲಿ ಇಲಿಗಳಿಗೆ ಆ್ಯಂಟಿಬಯಾಟಿಕ್ ಕುಡಿಸಿ ಕರುಳಿನ ಬ್ಯಾಕ್ಟೀರಿಯಾ ಕಮ್ಮಿ ಮಾಡಿದರು. ಆಮೇಲೆ ಚೂರೇ ಚೂರು ಕೊಕೇನ್‌ಗೂ ಅವು ಮರುಳಾದವು. ನಾರಿನಂಶ ತಿಂದು ಬ್ಯಾಕ್ಟೀರಿಯಾ ತಯಾರಿಸುವ ಕೆಲವು ಕೊಬ್ಬಿನಾಮ್ಲಗಳನ್ನ ನೀರಲ್ಲಿ ಬೆರೆಸಿ ಕೊಟ್ಟರೆ, ಆ ಹುಚ್ಚು ಇಳೀತು. ಮನುಷ್ಯರ ಮೇಲೂ ಒಂದು ಪುಟ್ಟ ಪ್ರಯೋಗ ಆಗಿದೆ, ಮುಖ ಸಿಂಡರಿಸಬೇಡಿ: 2021ರಲ್ಲಿ ಅಮೆರಿಕದಲ್ಲಿ ಕುಡಿದು ಲಿವರ್ ಕೆಟ್ಟ 20 ಗಂಡಸರಲ್ಲಿ ಅರ್ಧ ಜನಕ್ಕೆ ಆರೋಗ್ಯವಂತರ ಮಲವನ್ನು, ಅದರಲ್ಲಿರೋ ಬ್ಯಾಕ್ಟೀರಿಯಾಗಾಗಿ, ಎನಿಮಾ ಮೂಲಕ ಕೊಟ್ಟರು. ಹದಿನೈದು ದಿನಕ್ಕೆ ಅವರಲ್ಲಿ ಹತ್ತಕ್ಕೆ ಒಂಬತ್ತು ಜನರ ಚಪಲ ತಗ್ಗಿತ್ತು. ಹುಸಿ ಔಷಧಿ ಕೊಟ್ಟ ಉಳಿದ ಹತ್ತು ಜನರಲ್ಲಿ ಮೂವರದು ಮಾತ್ರ.

ಇಪ್ಪತ್ತು ಜನರ ಪ್ರಯೋಗ ನೋಡಿ ಕುಣಿಯೋ ಹಾಗಿಲ್ಲ. ಆದರೆ ಗೆಳೆಯನೊಬ್ಬ ಆಗಲೇ "ಪ್ರೋಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಇರೋ) ಪುಡಿ, ಕುಡಿತ ಮಾಯ" ಅಂತ ವಾಟ್ಸಾಪ್ ಕಳಿಸಿದ್ದಾನೆ. ದಯವಿಟ್ಟು ದುಡ್ಡು ಸುರೀಬೇಡಿ. ಮುದ್ದೆ, ಸೊಪ್ಪಿನ ಸಾರು ತಿಂದರೆ ಚಟ ಹೋಗುತ್ತೆ ಅಂತಲೂ ನಾನು ಹೇಳ್ತಿಲ್ಲ. ವರ್ಷಗಟ್ಟಲೆ ಕುಡಿದವರು ಮನೇಲೇ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರು ಬೇಕೇ ಬೇಕು.

ನನ್ನ ತಕರಾರು ಬೇರೆ. ಕೇಂದ್ರದವರು ಚಿಕ್ಕಪ್ಪನಿಗೆ ಎಷ್ಟು ಕುಡೀತಿದ್ದೆ, ಯಾರ ಜೊತೆ ಅಂತೆಲ್ಲ ಕೇಳಿದರು. ಏನು ತಿಂತಿದ್ದೆ ಅಂತ ಒಬ್ಬರೂ ಕೇಳಲಿಲ್ಲ. ಹತ್ತು ವರ್ಷ ಆ ಮನುಷ್ಯನ ರಾತ್ರಿ ಊಟ ಅಂದರೆ ಕಡ್ಲೆಬೀಜ, ಉಪ್ಪಿನಕಾಯಿ. ಅಂಥ ಹೊಟ್ಟೆ ಇಟ್ಕೊಂಡವನಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಬುದ್ಧಿ ಹೇಳೋದು ಸುಲಭ.

ಈಗ ಮಾತ್ರೆ ಮತ್ತೆ ಶುರುವಾಗಿದೆ. ನಿನ್ನೆ ಮಧ್ಯಾಹ್ನ ಬಸ್ಸಾರು ಮುಂದಿಟ್ಟರೆ ಅರ್ಧ ಮುದ್ದೆ ಸಾಕು ಅಂತ ಎದ್ದ. ಮಿಕ್ಕಿದ್ದನ್ನ ಚಿಕ್ಕಮ್ಮ ತಟ್ಟೆ ಮುಚ್ಚಿ ಇಟ್ಟಿದ್ದಾಳೆ.