ಏಳು ಏನು?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಮುಗಿಸಿದರೆ ಮಧ್ಯಾಹ್ನದ ನಿದ್ದೆಯಾದರೂ ಬಂದೀತು.

ಡಲ್ಲಾಸ್ ಹತ್ತಿರ ತಂಗಿಯ ಮಗನ ಮನೆಯಲ್ಲಿದ್ದೇನೆ, ಗೊತ್ತಲ್ಲ. ಅವನ ಮಗಳು ಪುಟ್ಟಿ ಎರಡನೇ ಕ್ಲಾಸು. ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಪಾಠ. ಊಟದ ಮೇಜೇ ಶಾಲೆ, ಅಮ್ಮನೇ ಹೆಡ್‌ಮೇಡಂ. ಪುಸ್ತಕಗಳು ಪೋಸ್ಟಿನಲ್ಲಿ ಬರುತ್ತವೆ. ಬಣ್ಣ ಬಣ್ಣದ ಚಿತ್ರ, ಒಳ್ಳೆ ನುಣುಪು ಕಾಗದ. ಎಲ್ಲಾ ವಿಷಯವನ್ನೂ ಕ್ರೈಸ್ತ ದೃಷ್ಟಿಯಿಂದ ಕಲಿಸುತ್ತೇವೆ ಅಂತ ರಟ್ಟಿನ ಮೇಲೇ ಅಚ್ಚು ಹಾಕಿದ್ದಾರೆ. ಕಂಪನಿಯ ಹೆಸರು ಬೇಡ ಬಿಡಿ.

ಇವತ್ತು ಹೆಡ್‌ಮೇಡಂ ಹಲ್ಲು ತೋರಿಸೋಕೆ ಹೋಗಿದ್ದಳು. ಒಂದು ಗಂಟೆ ಕ್ಲಾಸ್ ನನ್ನ ಪಾಲಿಗೆ ಬಂತು. 31 ವರ್ಷ ಸೀಮೆಸುಣ್ಣದ ಧೂಳು ನುಂಗಿದವಳಿಗೆ ಅದಕ್ಕಿಂತ ಖುಷಿ ಬೇರೆ ಏನಿದೆ? ಕನ್ನಡಕ ಹಾಕಿಕೊಂಡು ಕೂತೆ. ಪುಸ್ತಕ ತೆರೆದೆ. ಮೊದಲನೇ ಲೆಕ್ಕ ಇದು. ಚಿತ್ರದಲ್ಲಿ ಒಂದು ಬುಟ್ಟಿ, ಅದರಲ್ಲಿ ರೊಟ್ಟಿ, ಮೀನು. ಯೇಸು ಐದು ರೊಟ್ಟಿ, ಎರಡು ಮೀನಿನಲ್ಲಿ ಸಾವಿರಾರು ಜನಕ್ಕೆ ಉಣಿಸಿದ ಬೈಬಲ್ ಕಥೆಯದ್ದು. 5 ರೊಟ್ಟಿ + 2 ಮೀನು = ?

ಪುಟ್ಟಿ 7 ಅಂತ ಬರೆದಳು. ಪುಸ್ತಕದ ಹಿಂದೆ ಕೊಟ್ಟ ಉತ್ತರವೂ 7.

ಏಳು ಏನು? ಸ್ವಾಮಿ, ಏಳು ಏನು? ಏಳು ರೊಟ್ಟಿಯಾ? ಏಳು ಮೀನಾ? ರೊಟ್ಟಿಗೆ ಮೀನು ಕೂಡಿಸಿದರೆ ಊಟ ಆಗುತ್ತೆ, ಲೆಕ್ಕ ಆಗಲ್ಲ. ಒಂದೇ ಜಾತಿಯ ವಸ್ತುಗಳನ್ನು ಮಾತ್ರ ಕೂಡಿಸಬೇಕು ಅಂತ ಒಂದನೇ ಕ್ಲಾಸಿನಲ್ಲೇ ಹುಣಸೆ ಬೀಜ ಇಟ್ಟುಕೊಂಡು ಹೇಳಿಕೊಡುತ್ತಿದ್ದೆವು. ಆ ಲೆಕ್ಕದ ಕೆಳಗೆ ಹಳದಿ ಚೌಕದಲ್ಲಿ ಒಂದು ಬೈಬಲ್ ವಾಕ್ಯ: ದೇವರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ. ಹೌದಪ್ಪ, ಅವನಿಗೆ ಅಸಾಧ್ಯ ಇಲ್ಲ. ಆದರೆ ಪುಟ್ಟಿಗೆ ಗಣಿತ ಕಲಿಯಬೇಕಿದೆಯಲ್ಲ.

ಪುಟ ತಿರುಗಿಸಿದೆ. 100 ಕುರಿ, 1 ಕಳೆದುಹೋಯಿತು, ಉಳಿದದ್ದೆಷ್ಟು? 99. ಶಭಾಷ್, ಮುಂದಿನ ಲೆಕ್ಕ. ಅಯ್ಯೋ, ಬೈಬಲ್ ಕಥೆಯಲ್ಲಿ ಕುರುಬ ಕಳೆದ ಆ ಒಂದನ್ನೇ ಹುಡುಕಿಕೊಂಡು ಹೋಗುತ್ತಾನೆ. ಅವನು 99 ಸಾಕು ಅಂತ ಮನೆಗೆ ಹೋಗಿದ್ದರೆ ಆ ಕಥೆ ಇರುತ್ತಲೇ ಇರಲಿಲ್ಲ! ಕಥೆಯೂ ಹಾಳು, ವ್ಯವಕಲನವೂ ಸಪ್ಪೆ. ಗೋಂದು ಹಚ್ಚಿ ಅಂಟಿಸಿದ್ದಾರೆ, ಅಷ್ಟೇ. ಮೇಲಿನ ಕಾಗದ ಬೈಬಲ್, ಕೆಳಗಿನದು ಗಣಿತ, ನಡುವೆ ಗೋಂದು.

ಗಣಿತ ಮುಗಿಸಿ ವಿಜ್ಞಾನಕ್ಕೆ ಬಂದೆವು. ಬಿಟ್ಟ ಸ್ಥಳ ತುಂಬಿ: ಮಳೆಯನ್ನು ಕಳಿಸುವವರು ______. ಪುಟ್ಟಿ ಚಂದ ಅಕ್ಷರದಲ್ಲಿ ದೇವರು ಅಂತ ಬರೆದಳು. ಬರೆದು ನನ್ನ ಮುಖ ನೋಡಿದಳು. "ಅಜ್ಜಿ, ಉಡುಪಿಗೆ ಜಾಸ್ತಿ ಕಳಿಸ್ತಾರೆ, ಇಲ್ಲಿಗೆ ಯಾಕೆ ಕಮ್ಮಿ?"

ಎಂಥಾ ಪ್ರಶ್ನೆ ನೋಡಿ. ಅದಕ್ಕೆ ಪುಸ್ತಕದಲ್ಲಿ ಜಾಗವೇ ಇಲ್ಲ. ಬಿಟ್ಟ ಸ್ಥಳ ಒಂದೇ ಇತ್ತು, ಅದು ತುಂಬಿಹೋಯಿತು. ಕಡಲ ಗಾಳಿ ನೀರು ಹೊತ್ತು ಬಂದು ಆಗುಂಬೆಯ ಗುಡ್ಡಕ್ಕೆ ಢಿಕ್ಕಿ ಹೊಡೆದು, ಮೇಲೆ ಹತ್ತಿ, ತಣ್ಣಗಾಗಿ ಸುರಿಯುವುದನ್ನು ನಾನು ಹೇಳಿದೆ. ದಿಂಬು ಪೇರಿಸಿ ಗುಡ್ಡ ಮಾಡಿದೆ. ಅವಳು ಬಾಯಲ್ಲಿ ಗಾಳಿ ಊದಿದಳು. ಆ ಹತ್ತು ನಿಮಿಷ ಪಾಠ ನಡೆಯಿತು.

ಮಳೆ ದೇವರದ್ದು ಅಂತ ನನಗೂ ನಂಬಿಕೆ ಇದೆ. ಅದರಲ್ಲಿ ಜಗಳ ಇಲ್ಲ. ಆದರೆ ಈ ಪುಸ್ತಕದವರು ಬೈಬಲಿನ ಯೋಬನ ಗ್ರಂಥ ಓದಿಲ್ಲವಾ? ಅದರ 38, 39ನೇ ಅಧ್ಯಾಯಗಳಲ್ಲಿ ದೇವರು ಬಾಯಿಬಿಟ್ಟ ಮೇಲೆ ಉತ್ತರ ಕೊಡುವುದೇ ಇಲ್ಲ, ಪ್ರಶ್ನೆ ಮೇಲೆ ಪ್ರಶ್ನೆ. ಮಳೆಗೆ ತಂದೆ ಯಾರು, ಆಲಿಕಲ್ಲಿನ ಉಗ್ರಾಣ ನೋಡಿದ್ದೀಯಾ, ಕಾಗೆಮರಿಗೆ ಆಹಾರ ಕೊಡುವವರು ಯಾರು, ಕಾಡುಮೇಕೆ ಯಾವಾಗ ಈಯುತ್ತೆ ಅಂತ ಗೊತ್ತಾ? ಒಳ್ಳೆ ಸಯನ್ಸ್ ಟೀಚರ್ ಕೇಳುವ ಪ್ರಶ್ನೆಗಳು. ಅದನ್ನು ತಂದು ಬಿಟ್ಟ ಸ್ಥಳ ತುಂಬಿ ಮಾಡಿಟ್ಟಿದ್ದಾರೆ ಪುಣ್ಯಾತ್ಮರು.

ಸಂಜೆಯವರೆಗೆ ಕಾಯೋಕೆ ಆಗಲಿಲ್ಲ. ಮಗ ಮನೆಯಲ್ಲೇ ಆಫೀಸು ಮಾಡುತ್ತಾನೆ. ಕಾಫಿಗೆ ಹೊರಗೆ ಬಂದಾಗ ಹಿಡಿದೆ. ಪಾಪ, ಅವನು ಕೆಟ್ಟವನಲ್ಲ. ಅಮೆರಿಕದ ಕಥೆಯೆಲ್ಲಾ ಹೇಳಿದ. ಸರ್ಕಾರಿ ಶಾಲೆಗಳೇ ಏರ್ಪಡಿಸುವ ಪ್ರಾರ್ಥನೆಯನ್ನು 1962ರಲ್ಲಿ, ಬೈಬಲ್ ಓದನ್ನು 1963ರಲ್ಲಿ ಸುಪ್ರೀಂ ಕೋರ್ಟು ಬೇಡ ಅಂದಿತಂತೆ. ಆಮೇಲೆ ಎಷ್ಟೋ ಕುಟುಂಬಗಳು ತಮ್ಮದೇ ಶಾಲೆ, ತಮ್ಮದೇ ಪುಸ್ತಕ ಅಂತ ಹೊರಟವಂತೆ. ಟೆಕ್ಸಸ್‌ನಲ್ಲಂತೂ ಮನೆಪಾಠಕ್ಕೆ ಸರ್ಕಾರದ ಹತ್ತಿರ ನೋಂದಣಿಯೂ ಬೇಡ. 1994ರಲ್ಲೇ ರಾಜ್ಯದ ಸುಪ್ರೀಂ ಕೋರ್ಟು ಮನೆಶಾಲೆಯೂ ಒಂದು ಖಾಸಗಿ ಶಾಲೆಯೇ ಅಂದುಬಿಟ್ಟಿದೆ. ಕಲಿಸಲೇಬೇಕಾದ್ದು ಐದು: ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ಪೌರತ್ವ. ಬೆರಳು ಮಡಚಿ ಎಣಿಸಿದೆ. ವಿಜ್ಞಾನ ಎಲ್ಲಪ್ಪ ಅಂದೆ. ಅದು ಪಟ್ಟಿಯಲ್ಲಿ ಇಲ್ಲ ದೊಡ್ಡಮ್ಮ, ಆದರೂ ನಾವು ಕಲಿಸ್ತೀವಿ ಅಂದ. ಏನು ಕಲಿಸುತ್ತೀರಿ ಅಂತ ಈಗಷ್ಟೇ ನೋಡಿದೆನಲ್ಲ!

ಆಮೇಲೆ ಅವನು ತನ್ನ ಬ್ರಹ್ಮಾಸ್ತ್ರ ಬಿಟ್ಟ. ಅವನ ಆಫೀಸ್ ರೂಮಿನ ಗೋಡೆಯಲ್ಲಿ ಒಂದು ಫ್ರೇಮು ತೂಗುತ್ತಿದೆ. ಅಬ್ರಹಾಂ ಕೈಪರ್ ಅನ್ನುವ ಡಚ್ ಪಂಡಿತರು 1880ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಾವೇ ಕಟ್ಟಿದ ಯೂನಿವರ್ಸಿಟಿಯ ಉದ್ಘಾಟನೆಯಲ್ಲಿ ಆಡಿದ ಮಾತು. ನಮ್ಮ ಬದುಕಿನ ಒಂದೇ ಒಂದು ಇಂಚು ಜಾಗವೂ ಕ್ರಿಸ್ತನು ನನ್ನದು ಅನ್ನದೆ ಬಿಟ್ಟದ್ದಿಲ್ಲ ಅನ್ನುವ ಅರ್ಥದ್ದು. ಮುಂದೆ ನೆದರ್‌ಲೆಂಡ್ಸಿನ ಪ್ರಧಾನಿಯೂ ಆದವರು, ದೊಡ್ಡ ಮನುಷ್ಯರು. "ಅಂದ್ರೆ ಗಣಿತವೂ ಅವನದ್ದೇ ಅಲ್ವಾ ದೊಡ್ಡಮ್ಮ?"

ಅಲ್ವಾ ಏನು, ಹೌದು. ಒಪ್ಪಿದೆ. ಅದಕ್ಕೇ ಕೇಳುತ್ತಿದ್ದೇನೆ. ಎಲ್ಲಾ ಇಂಚೂ ಅವನದ್ದೇ ಆದರೆ ಬರೀ 5 + 2 ಕೂಡ ಅವನದ್ದೇ ತಾನೇ? ಅದರ ಮೇಲೆ ವಾಕ್ಯ ಯಾಕೆ ಅಂಟಿಸಬೇಕು? ನಮ್ಮ ಊರಲ್ಲಿ ಖಾಲಿ ಸೈಟಿಗೆ ಬೋರ್ಡು ನೆಡುತ್ತಾರಲ್ಲ, ಈ ಜಾಗ ಇಂಥವರಿಗೆ ಸೇರಿದ್ದು, ಮಾರಾಟಕ್ಕಿಲ್ಲ ಅಂತ? ದಾಖಲೆ ಸರಿ ಇದ್ದವನು ಬೋರ್ಡು ನೆಡುವುದಿಲ್ಲ. ಎಲ್ಲಿ ತಕರಾರಿದೆಯೋ ಅಲ್ಲಿ ಬೋರ್ಡು. ಅವನು ನಕ್ಕ. ಮೀಟಿಂಗ್ ಇದೆ ಅಂತ ಬಾಗಿಲು ಹಾಕಿಕೊಂಡ.

ಈಗ ನಿಮ್ಮಲ್ಲಿ ಕೆಲವರು ಕಮೆಂಟ್ ಟೈಪ್ ಮಾಡುತ್ತಿರುತ್ತೀರಿ. ಟೀಚರ್, ನೀವೂ ಮಿಷನ್ ಶಾಲೆಯಲ್ಲೇ ಓದಿದವರು, ಅವರೂ ಇದನ್ನೇ ಮಾಡಿದ್ದಲ್ವಾ ಅಂತ. ಮಾಡಿದರು, ಇಲ್ಲ ಅನ್ನಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನವರು ಹಂಚಿನ ವ್ಯಾಪಾರಕ್ಕೆ ಬಂದವರಲ್ಲ, ಹಂಚು ಆಮೇಲೆ 1865ರಲ್ಲಿ ಬಂತು. ಅವರಿಗೆ ಬೇಕಾದದ್ದು ಯೇಸುವಿನ ಸುವಾರ್ತೆ ಸಾರುವುದು. ಆದರೂ ಅವರ ಕೆಲಸ ನೋಡಿ. ಮೊದಲು ಕೂತು ಕನ್ನಡ ಕಲಿತರು. ಅವರಲ್ಲೊಬ್ಬ ಪಾದ್ರಿ ಮೋಗ್ಲಿಂಗ್ ನಮ್ಮ ಗಾದೆ ಕೂಡಿಹಾಕಿದರು. 1843ರಲ್ಲಿ ಮಂಗಳೂರ ಸಮಾಚಾರ ತಂದರು, ಕನ್ನಡದ ಮೊದಲ ಪತ್ರಿಕೆ. 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ದಾಸರ ಪದ! ನಮ್ಮ ಉಡುಪಿ ಕೃಷ್ಣನ ಮೇಲಿನ ಪದಗಳು, ಜರ್ಮನ್ ಪಾದ್ರಿಯ ಕೈಯಲ್ಲಿ. ಕೆಳಗೆ ಹಳದಿ ಚೌಕ ಹಾಕಿ ಬೈಬಲ್ ವಾಕ್ಯ ಅಂಟಿಸಿದ್ದರೆ ಇವತ್ತು ಯಾರಾದರೂ ಮುಟ್ಟುತ್ತಿದ್ದರಾ? ಅದೇ ಮಿಷನ್ನಿನ ಕಿಟೆಲರ ಕನ್ನಡ ನಿಘಂಟು 1894ರದ್ದು, ಅದರಲ್ಲಿ ಪದಗಳಿವೆ, ಪಾದ್ರಿಯ ಉಪದೇಶ ಇಲ್ಲ. ಇವತ್ತಿಗೂ ಜನ ಅದನ್ನು ತೆರೆದು ನೋಡುವುದು ಪದದ ಅರ್ಥ ಸರಿ ಇದೆ ಅಂತ.

ಇನ್ನೊಂದು ಮಾತು ಬರುತ್ತೆ, ಅದೂ ಗೊತ್ತು. ಹಾಗಾದರೂ ಮಕ್ಕಳಿಗೆ ವಾಕ್ಯ ಬಾಯಿಪಾಠ ಆಗುತ್ತಲ್ಲ ಅಂತ. ಆಗುತ್ತೆ. ನನಗೆ ಬೈಬಲಿನ 23ನೇ ಕೀರ್ತನೆ ಬಂದದ್ದು ಸಂಡೇಸ್ಕೂಲಿನಲ್ಲಿ ಕಡಲೆ ಮಿಠಾಯಿಯ ಆಸೆಗೆ. ನಮ್ಮ ಯಜಮಾನರು ಐಸಿಯುನಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ಅದೇ ಕೈ ಹಿಡಿದದ್ದು, ಬೇರೆ ಏನೂ ನೆನಪಾಗಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಅದನ್ನು ತೆಗೆದುಕೊಂಡು ಹೋಗಿ ಕೂಡುವ ಲೆಕ್ಕದ ಕೆಳಗೆ ಹಚ್ಚಬೇಡಿ. ಕೀರ್ತನೆಗೆ ಕೀರ್ತನೆಯ ಜಾಗ ಕೊಡಿ.

ಇಷ್ಟೆಲ್ಲಾ ಕೂಗಾಡಿದ ಮೇಲೆ ಒಂದು ನಿಜ ಹೇಳಿಬಿಡುತ್ತೇನೆ. ಬೆಳಿಗ್ಗೆಯಿಂದ ಸಿಟ್ಟು ಬರೀ ಆ ಪುಸ್ತಕದ ಮೇಲಲ್ಲ.

ಆ ಲೆಕ್ಕ ನಾನೂ ಹಾಕಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕರಿಹಲಗೆಯ ಮೇಲೆ, ಬಣ್ಣದ ಸೀಮೆಸುಣ್ಣದಲ್ಲಿ. 5 ರೊಟ್ಟಿ + 2 ಮೀನು. ಹೊಸ ಹುಮ್ಮಸ್ಸು. ಹಿಂದಿನ ಬೆಂಚಿನಲ್ಲಿ ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತ. "ಏಳು ಏನು ಟೀಚರ್?" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಕೂತುಕೋ ಅಂದೆ. ಅವನು ಕೂರಲಿಲ್ಲ. "ಮೀನು ಯಾವುದು ಟೀಚರ್? ಬಂಗುಡೆಯಾ, ಬೂತಾಯಿಯಾ?" ಅಂದ. ದೇವರ ವಿಷಯದಲ್ಲಿ ತಮಾಷೆ ಮಾಡುತ್ತೀಯಾ ಅಂತ ಸ್ಕೇಲಿನಲ್ಲಿ ಕೈಗೆ ಎರಡು ಕೊಟ್ಟೆ. ಅವನು ಅಳಲಿಲ್ಲ. ಕೈಯನ್ನು ಚಡ್ಡಿಗೆ ಉಜ್ಜಿಕೊಂಡು ಕೂತ. ಆಮೇಲೆ ವರ್ಷವಿಡೀ ಆ ಹುಡುಗ ನನಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಅವನು ತಮಾಷೆ ಮಾಡಿದ್ದಲ್ಲ. ಮೀನು ಅಂದರೆ ಅವನ ಮನೆಯಲ್ಲಿ ದುಡ್ಡು. ಬಂಗುಡೆಗೊಂದು ರೇಟು, ಬೂತಾಯಿಗೊಂದು ರೇಟು. ಯಾವ ಮೀನು ಅಂತ ಗೊತ್ತಿಲ್ಲದೆ ಲೆಕ್ಕ ಹಾಕುವುದು ಹೇಗೆ?

ಎಷ್ಟೋ ವರ್ಷ ಆದ ಮೇಲೆ ನನಗೂ ಆ ಪ್ರಶ್ನೆ ಕೊರೆಯತೊಡಗಿತು. ಯಾವ ಮೀನು? ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಅದು ಒಬ್ಬ ಹುಡುಗನ ಬುತ್ತಿ. ರೊಟ್ಟಿ ಜವೆಗೋದಿಯದ್ದು, ಬಡವರ ರೊಟ್ಟಿ. ಮೀನಿಗೆ ಅಲ್ಲಿ ಬಳಸಿದ ಗ್ರೀಕ್ ಮಾತು ರೊಟ್ಟಿ ಜೊತೆ ನಂಚಿಕೊಳ್ಳುವ ಸಣ್ಣ ಮೀನಿಗೆ ಹೇಳುವ ಮಾತು. ಆ ಕಥೆ ನಡೆದ ಗಲಿಲಾಯ ಸರೋವರದ ದಡದಲ್ಲಿ ತಾರಿಕೆಯ ಅಂತ ಒಂದು ಊರಿತ್ತು, ಆ ಹೆಸರೇ ಮೀನಿಗೆ ಉಪ್ಪು ಹಾಕುವ ಕಸುಬಿನಿಂದ ಬಂದದ್ದು. ಅಂದರೆ ಬಹುಶಃ ಒಣಮೀನು. ಗಂಜಿಗೆ ನಾವು ನಂಚಿಕೊಳ್ಳುವುದಿಲ್ಲವಾ, ಹಾಗೆ. ನನ್ನ ಹಿಂದಿನ ಬೆಂಚಿನ ಹುಡುಗನ ಬುತ್ತಿಯಲ್ಲೂ ಅದೇ ಇದ್ದಿರಬೇಕು. ಬುತ್ತಿಯ ಒಡೆಯನೇ ಎದುರಿಗೆ ನಿಂತು ಪ್ರಶ್ನೆ ಕೇಳಿದ, ನಾನು ಅವನಿಗೆ ಹೊಡೆದೆ.

ಆ ಕಥೆಯಲ್ಲೇ ಎಂಥಾ ಗಣಿತ ಇದೆ ಗೊತ್ತಾ? ಮಾರ್ಕನ ಸುವಾರ್ತೆಯ ಪ್ರಕಾರ ಜನ ಹುಲ್ಲಿನ ಮೇಲೆ ನೂರು ನೂರು, ಐವತ್ತು ಐವತ್ತರ ಪಂಕ್ತಿಯಾಗಿ ಕೂತರು. ಗಂಡಸರು 5000. ಎಲ್ಲರೂ ಐವತ್ತೈವತ್ತರಂತೆ ಕೂತರೆ ಎಷ್ಟು ಪಂಕ್ತಿ? ನೂರರಂತೆ ಕೂತರೆ? ಯೇಸುವಿನ 12 ಶಿಷ್ಯರೇ ಬಡಿಸುವವರು, ಒಬ್ಬೊಬ್ಬರ ಪಾಲಿಗೆ ಎಷ್ಟು ಪಂಕ್ತಿ, ಉಳಿದದ್ದನ್ನು ಏನು ಮಾಡೋಣ? ಮದುವೆ ಊಟ ನೋಡಿದ ಯಾವ ಮಗುವೂ ಇದನ್ನು ಮಾಡುತ್ತೆ, ಖುಷಿಯಿಂದ ಮಾಡುತ್ತೆ. ಯೋಹಾನನ ಕೊನೆಯ ಅಧ್ಯಾಯದ ಬಲೆಯಲ್ಲಿ 153 ಮೀನು. ಒಂದರಿಂದ 17ರವರೆಗೆ ಕೂಡಿಸುತ್ತಾ ಹೋಗಿ, 153 ಬರುತ್ತೆ. ಹಳೇ ಕಾಲದ ಕ್ರೈಸ್ತ ಪಂಡಿತ ಸಂತ ಅಗಸ್ಟೀನನೇ ಅದನ್ನು ಕಂಡು ಬರೆದಿಟ್ಟಿದ್ದಾನೆ. ನಾಲ್ಕನೇ ಕ್ಲಾಸಿನಲ್ಲಿ ಹುಣಸೆ ಬೀಜದಲ್ಲಿ ತ್ರಿಕೋನ ಜೋಡಿಸಿ ಇದನ್ನು ಮಾಡಿಸಿದ್ದೇನೆ. 17ನೇ ಸಾಲು ಮುಗಿದಾಗ ಮಕ್ಕಳು ಕಿರುಚಿದ್ದು ಹೆಡ್‌ಮಾಸ್ಟರ್ ರೂಮಿಗೆ ಕೇಳಿತ್ತು. ಆ ಕ್ಲಾಸಿನಲ್ಲಿ ಕ್ರೈಸ್ತ ಮಕ್ಕಳು ಮೂರೋ ನಾಲ್ಕೋ ಇದ್ದರು. ಕಿರುಚಿದ್ದು ಎಲ್ಲರೂ.

ಇನ್ನು ಸೊಲೊಮೋನ ರಾಜನ ಕಂಚಿನ ಕಡಲು, ಅಂದರೆ ದೇವಾಲಯದ ದೊಡ್ಡ ದುಂಡು ನೀರಿನ ತೊಟ್ಟಿ, ಅಡ್ಡ 10 ಮೊಳ, ಸುತ್ತ 30 ಮೊಳ ಅಂತ ಅರಸುಗಳ ಮೊದಲನೇ ಗ್ರಂಥದಲ್ಲಿದೆ. ಐದನೇ ಕ್ಲಾಸಿನ ಮಗು ತಟ್ಟೆಗೆ ದಾರ ಸುತ್ತಿ ಅಳೆದರೆ 30 ಬರುವುದಿಲ್ಲ, 31 ಮೊಳ ಚಿಲ್ಲರೆ ಬರಬೇಕು ಅನ್ನುತ್ತೆ. ಆಗ ಏನು ಮಾಡುತ್ತೀರಿ? ಮಗುವಿಗೆ ಹೊಡೆಯುತ್ತೀರಾ, ದಾರಕ್ಕಾ? ನಾನಾದರೆ ಭೇಷ್ ಅನ್ನುತ್ತೇನೆ. ಬರೆದವನು ಚಿಲ್ಲರೆ ಬಿಟ್ಟಿದ್ದಾನೆ, ನಾವು ಮೀನು ಮಾರ್ಕೆಟ್ಟಲ್ಲಿ ಬಿಡುವುದಿಲ್ಲವಾ ಹಾಗೆ, ಅನ್ನುತ್ತೇನೆ. ಈ ಪುಸ್ತಕ ಮಾಡಿದವರು ಏನನ್ನುತ್ತಾರೋ ಆ ದೇವರಿಗೇ ಗೊತ್ತು. ಆ ಪಾಠ ಅವರಲ್ಲಿ ಇರಲಿಕ್ಕಿಲ್ಲ ಬಿಡಿ.

ಮಧ್ಯಾಹ್ನ ಊಟ ಆದ ಮೇಲೆ ಪುಟ್ಟಿ ಮತ್ತೆ ಪುಸ್ತಕ ತಂದಳು. ಈ ಸಲ ನೋಹನ ನಾವೆ. ಬಣ್ಣ ತುಂಬಿ, ಪ್ರಾಣಿಗಳನ್ನು ಎರಡೆರಡಾಗಿ ಎಣಿಸಿ. ಪುಸ್ತಕ ಮುಚ್ಚಿಡು ಅಂದೆ. ನಾವೆ ಉದ್ದ 300 ಮೊಳ, ಅಗಲ 50, ಎತ್ತರ 30. ಮೊಳ ಅಂದ್ರೆ ಏನಜ್ಜಿ ಅಂದಳು. ಪಾಪ, ಮಲ್ಲಿಗೆ ಕೊಂಡು ಗೊತ್ತಿಲ್ಲ ಅದಕ್ಕೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ತೋರಿಸಿದೆ. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹಾಲ್ ಅಳೆಯಲು ಹೊರಟೆವು. ನನ್ನ ಮಂಡಿಯ ಕಥೆ ನಿಮಗೆ ಗೊತ್ತೇ ಇದೆ. ಆದರೂ ಹೋದೆ.

ನನಗೆ 17 ಮೊಳ ಬಂತು. ಅವಳಿಗೆ 22. ಅವಳು ಎರಡನೇ ಸಲ ಅಳೆದಳು, ಮತ್ತೆ 22. ನಾನೂ ಅಳೆದೆ, 17. ಅವಳು ನನ್ನ ಕೈ ಪಕ್ಕ ತನ್ನ ಕೈ ಇಟ್ಟು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು, "ನೋಹನ ಕೈ ಎಷ್ಟು ಉದ್ದ ಇತ್ತಜ್ಜಿ?"

ಗೊತ್ತಿಲ್ಲ ಪುಟ್ಟಿ ಅಂದೆ.

ಅವಳು ಎದ್ದು ಹೋಗಿ ಅಪ್ಪನ ಆಫೀಸ್ ರೂಮಿನ ಬಾಗಿಲು ಬಡಿಯುತ್ತಿದ್ದಾಳೆ. ಅವನ ಕೈ ಅಳೆಯಬೇಕಂತೆ.