ಬಟ್ಟೆ ಒಣಹಾಕುವ ಕಂಬಗಳು

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ, ಗ್ಲಾಸ್ಗೊ ಗ್ರೀನ್ ಪಾರ್ಕಿನ ಹುಲ್ಲಿನ ಮೇಲೆ ಸಾಲಾಗಿ ನಿಂತಿರುವ ಕಬ್ಬಿಣದ ಕಂಬಗಳನ್ನು ಆಧುನಿಕ ಶಿಲ್ಪವೆಂದುಕೊಂಡು ಫೋಟೊ ಹೊಡೆಯುವ ಪ್ರವಾಸಿಗಳನ್ನು ಕಂಡರೆ ಮೈ ಉರಿಯುತ್ತದೆ. ಅವು ಬಟ್ಟೆ ಒಣಹಾಕುವ ಕಂಬಗಳು ಮಾರಾಯರೇ! ಹಗ್ಗ ಕಟ್ಟಿ, ಹೊದಿಕೆ ಹರವಿ, ಮಳೆ ಬಂತೆಂದರೆ ಓಡಿಬಂದು ಬಾಚಿಕೊಂಡು ಹೋಗಲಿಕ್ಕೆ ನೆಟ್ಟವು. 1450ರಲ್ಲಿ ಬಿಷಪ್ ಟರ್ನ್‌ಬುಲ್ ಊರಿನವರಿಗೆ ಬಿಟ್ಟುಕೊಟ್ಟ ಬಯಲಿದು. ದನ ಮೇಯಿಸುವುದು, ಬಟ್ಟೆ ಒಗೆಯುವುದು ಮೊದಲು. ಬೆಂಚು, ಕಾರಂಜಿ, ವಾಯುಸೇವನೆ ಎಲ್ಲ ಆಮೇಲೆ.

ಆ ಒಗೆತವೂ ಸಾಮಾನ್ಯದ್ದಲ್ಲ. ಮರದ ತೊಟ್ಟಿಗೆ ಬಿಸಿನೀರು, ಸೋಪು, ಬಟ್ಟೆ ಹಾಕಿ, ಹೆಂಗಸರು ಲಂಗ ಎತ್ತಿಕಟ್ಟಿ ಒಳಗಿಳಿದು ಕಾಲಿನಿಂದ ತುಳಿಯುತ್ತಿದ್ದರು. ಪರಊರಿನ ಗಂಡಸರಿಗೆ ಈ ಮೊಣಕಾಲುಗಳೇ ಪ್ರೇಕ್ಷಣೀಯ ಸ್ಥಳ. ಹಿಂಡಿದ ಲಿನನ್ನನ್ನು ಹುಲ್ಲಿನ ಮೇಲೆ ಹರವಬೇಕು. ಪೂರ್ತಿ ಒಣಗಲು ಬಿಟ್ಟರೆ ಕೆಟ್ಟಿತು. ಮತ್ತೆ ಮತ್ತೆ ನೀರು ಚಿಮುಕಿಸುತ್ತ ಒದ್ದೆಯಾಗಿಯೇ ಬಿಸಿಲಿಗೊಡ್ಡಿದರೆ ಬಿಳುಪು ಹತ್ತುತ್ತದೆ. ಗ್ಲಾಸ್ಗೊದಲ್ಲಿ ನೀರು ಚಿಮುಕಿಸುವ ಕೆಲಸವನ್ನು ಆಕಾಶವೇ ವಹಿಸಿಕೊಂಡಿದೆ, ತೊಂದರೆಯೆಲ್ಲ ಬಿಸಿಲಿನದು.

1765ರ ಒಂದು ಭಾನುವಾರ ಮಧ್ಯಾಹ್ನ, ಹಬೆ ಎಂಜಿನ್ ಸುಧಾರಿಸುವ ಯೋಚನೆಯಲ್ಲಿದ್ದ ಜೇಮ್ಸ್ ವಾಟ್ ಇಲ್ಲಿ ನಡೆಯಲು ಬಂದ. ಚಾರ್ಲೆಟ್ ಸ್ಟ್ರೀಟ್ ಕೊನೆಯ ಗೇಟಿನಿಂದ ಒಳಹೊಕ್ಕು, ಬಟ್ಟೆ ಒಗೆಯುವ ಹಳೆಯ ಮನೆ ದಾಟಿ, ದನಗಾಹಿಯ ಮನೆವರೆಗೆ ಹೋಗುವಷ್ಟರಲ್ಲಿ ಹೊಳೆಯಿತಂತೆ. ಆಗ ಬಳಕೆಯಲ್ಲಿದ್ದ ಹಬೆ ಎಂಜಿನ್ನಾದ ನ್ಯೂಕಮೆನ್ ಎಂಜಿನ್ನಿನಲ್ಲಿ ಹಬೆ ತುಂಬಿದ ಸಿಲಿಂಡರಿನೊಳಕ್ಕೇ ತಣ್ಣೀರು ಚಿಮ್ಮಿಸಿ ಹಬೆಯನ್ನು ನೀರಾಗಿಸುತ್ತಿದ್ದರು. ಮುಂದಿನ ಬಡಿತಕ್ಕೆ ಸಿಲಿಂಡರ್ ಮತ್ತೆ ಬಿಸಿಯಾಗಬೇಕು. ಪ್ರತಿ ದೋಸೆಗೂ ಕಾವಲಿಯನ್ನು ಕೊಳಾಯಿ ಕೆಳಗೆ ಹಿಡಿದು ತಣಿಸಿದ ಹಾಗೆ. ಬೆಂಕಿಯ ಹೆಚ್ಚಿನ ಪಾಲು ಕಬ್ಬಿಣ ಕಾಯಿಸುವುದಕ್ಕೇ ಹೋಗುತ್ತಿತ್ತು. ಹಬೆಯನ್ನು ಬೇರೆಯೇ ಪಾತ್ರೆಗೆಳೆದು ಅಲ್ಲಿ ತಣಿಸಿದರೆ ಸಿಲಿಂಡರ್ ಸದಾ ಬಿಸಿಯಾಗಿರುತ್ತದಲ್ಲ! ಗಾಲ್ಫ್ ಮನೆ ತಲುಪುವಷ್ಟರಲ್ಲಿ ಎಲ್ಲ ತಲೆಯಲ್ಲಿ ಜೋಡಣೆಯಾಗಿತ್ತು. ಆದರೆ ಭಾನುವಾರ ಸಬ್ಬತ್, ಕ್ರೈಸ್ತರ ವಿಶ್ರಾಂತಿಯ ದಿನ. ಸ್ಕಾಟ್ಲೆಂಡಿನಲ್ಲಿ ಸುತ್ತಿಗೆ ಎತ್ತುವಂತಿಲ್ಲ. ಜಗತ್ತನ್ನೇ ಬದಲಿಸಲಿದ್ದ ಉಪಾಯ ಸೋಮವಾರದ ತನಕ ಕಾಯಿತು. ವಾಟ್‌ನ ನೆನಪಿಗೆ ಇಲ್ಲೊಂದು ಕಲ್ಲಿದೆ. ತೊಟ್ಟಿ ತುಳಿದವರ ಪಾಲಿಗೆ ಈ ಕಂಬಗಳೇ, ಅವೂ ಈಗ ಸೆಲ್ಫಿಗೆ!

ಪಕ್ಕದ ಡೌಲ್ಟನ್ ಕಾರಂಜಿ 46 ಅಡಿ ಎತ್ತರ, 70 ಅಡಿ ಅಗಲ, ಪೂರಾ ಟೆರಾಕೋಟ. ಕೆಳಗೆ ಕೆನಡಾ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಾಗಳ ಜೊತೆ ನಮ್ಮ ಭಾರತವನ್ನೂ ಪ್ರತಿಮೆಯಾಗಿ ಕೂರಿಸಿದ್ದಾರೆ, ತುದಿಯಲ್ಲಿ ವಿಕ್ಟೋರಿಯ ರಾಣಿ. 1891ರಲ್ಲಿ ಸಿಡಿಲು ಬಡಿದು ರಾಣಿ ಮಾತ್ರ ಪುಡಿಯಾದಳು. ಡೌಲ್ಟನ್ ಕಂಪನಿಯೇ ಖರ್ಚು ಹಾಕಿ ಇನ್ನೊಬ್ಬಳನ್ನು ಮಾಡಿಕೊಟ್ಟಿತು. ಅವಸರವೇನಿತ್ತೋ!

ಎದುರಿಗಿನ ಪೀಪಲ್ಸ್ ಪ್ಯಾಲೇಸ್ 1898ರಲ್ಲಿ ತೆರೆದ ಮ್ಯೂಸಿಯಂ, ಗ್ಲಾಸ್ಗೊ ಜನರ ಬದುಕಿನದು. ರಾಜರ ಕತ್ತಿ ಹುಡುಕಿ ಹೋದವರಿಗೆ ನಿರಾಸೆ ಖಂಡಿತ. ಒಂದೇ ಕೋಣೆಯಲ್ಲಿ ಅಡುಗೆ, ಹಾಸಿಗೆ, ಇಡೀ ಸಂಸಾರ ಹಿಡಿಸುತ್ತಿದ್ದ ‘ಸಿಂಗಲ್ ಎಂಡ್’, ಊರಿನ ಸಾರ್ವಜನಿಕ ಒಗೆಯುವ ಮನೆಯಾದ ‘ಸ್ಟೀಮಿ’ಯ ಸಾಮಾನು, ಇವೇ ಅಲ್ಲಿನ ಆಸ್ತಿ. ದುರಸ್ತಿಗೆಂದು 2024ರಲ್ಲಿ ಬಾಗಿಲು ಹಾಕಿದ್ದಾರೆ. ಹೊರಡುವ ಮುಂಚೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಇಲಿ ಹಿಡಿಯಲು ಈ ಮ್ಯೂಸಿಯಂ ಸೇರಿದ್ದ ಸ್ಮಜ್ ಎಂಬ ಬೆಕ್ಕನ್ನು ಒಂದು ಕಾರ್ಮಿಕ ಸಂಘ ಸೇರಿಸಿಕೊಳ್ಳಲಿಲ್ಲ, ಇನ್ನೊಂದು ಸಂಘ ಸದಸ್ಯತ್ವ ಕೊಟ್ಟಿತು.