ಸುದ್ದಿಯ ನಡುವೆ ಕವಿತೆ: ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ಪತ್ರಿಕೆಗಳು ಮತ್ತು ನಾವು

ಕನ್ನಡ ದಿನಪತ್ರಿಕೆಗಳಲ್ಲಿ ಕವಿತೆಗೆ ಗೊತ್ತಾದ ಜಾಗವೆಂದರೆ ಭಾನುವಾರದ ಪುರವಣಿ ಮತ್ತು ವರ್ಷಕ್ಕೊಮ್ಮೆ ಬರುವ ದೀಪಾವಳಿ ವಿಶೇಷಾಂಕ. ಅದನ್ನೇ ಓದಿ ಬೆಳೆದ ನನಗೆ, ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ಇಲ್ಲಿನ ಗ್ರಂಥಾಲಯಗಳಲ್ಲಿ 1919ರಿಂದ 1939ರವರೆಗಿನ ಪತ್ರಿಕೆಗಳನ್ನು ತಿರುವಿಹಾಕತೊಡಗಿದಾಗ, ಪದ್ಯವು ಸಂಪಾದಕೀಯದ ಆಸುಪಾಸಿನಲ್ಲೂ ಹೆಣ್ಣುಮಕ್ಕಳ ಪುಟದಲ್ಲೂ ಹಣ ಕೊಟ್ಟು ಹಾಕಿಸುವ ಜಾಹೀರಾತುಗಳ ನಡುವೆಯೂ ಸಲೀಸಾಗಿ ಓಡಾಡಿಕೊಂಡಿದ್ದುದನ್ನು ಕಂಡು ಅಚ್ಚರಿಯಾಯಿತು. ನಾವು ಕವಿತೆಯನ್ನು ಗೌರವದಿಂದಲೇ ಪ್ರತ್ಯೇಕವಾಗಿ ಕೂರಿಸಿದ್ದೇವೆ, ನಿಜ. ಆದರೆ ಆ ಗೌರವದಿಂದ ನಷ್ಟವೂ ಆಗಿದೆ ಎಂಬುದು ನನ್ನ ಅನಿಸಿಕೆ.

ಜಾಹೀರಾತಿನ ಪದ್ಯಗಳ ಮಾತನ್ನೇ ಮೊದಲು ಹೇಳಬೇಕು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ದೇಹಗಳನ್ನು ಊರಿಗೆ ತರುವುದು ಬೇಡವೆಂದು ಬ್ರಿಟನ್ ನಿರ್ಧರಿಸಿತ್ತು. ಫ್ರಾನ್ಸಿನಲ್ಲೋ ಗ್ಯಾಲಿಪೊಲಿಯಲ್ಲೋ ಮೆಸೊಪೊಟೇಮಿಯದಲ್ಲೋ ಮಣ್ಣಾದ ಮಗನ ಸಮಾಧಿಗೆ ಹೋಗಿ ಬರುವ ಅನುಕೂಲ ಬಹುಪಾಲು ತಾಯಂದಿರಿಗೆ ಇರಲಿಲ್ಲ. ದೇಹವೇ ಸಿಗದ ಲಕ್ಷಾಂತರ ಮಂದಿಗೆ ಸಮಾಧಿಯೂ ಇರಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ಮನೆಯವರು ಬರೆಸಬಹುದಾಗಿದ್ದ ಮಾತಿಗೆ 66 ಅಕ್ಷರಗಳ ಮಿತಿಯಿತ್ತು, ಅಕ್ಷರಕ್ಕೆ ಮೂರೂವರೆ ಪೆನ್ಸ್ ದರ ಗೊತ್ತುಮಾಡಲಾಗಿತ್ತು. ಹೀಗಾಗಿ ಸತ್ತ ದಿನ ಪ್ರತಿವರ್ಷ ಮರಳಿ ಬಂದಾಗ ಊರಿನ ಪತ್ರಿಕೆಯ ಸ್ಮರಣೆಯ ಅಂಕಣವೇ ಅವರ ಪಾಲಿಗೆ ಸಮಾಧಿಯ ಸ್ಥಳವಾಯಿತು. ಮಗನ ಹೆಸರು, ದಳದ ಹೆಸರು, ಬಿದ್ದ ತಾರೀಖು, ಅದರ ಕೆಳಗೆ ಪ್ರಾಸಬದ್ಧವಾದ ನಾಲ್ಕು ಸಾಲು. ಅಷ್ಟು ದೂರದಲ್ಲಿ ಸಾಯುವಾಗ ಅವನ ತಲೆಯನ್ನು ಎತ್ತಿ ಹಿಡಿಯಲು ನಾನಿರಲಿಲ್ಲವಲ್ಲ ಎಂಬ ಹಲುಬು ಆ ಸಾಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ಪದ್ಯ ಬೇರೆ ಬೇರೆ ಊರುಗಳ ಪತ್ರಿಕೆಗಳಲ್ಲಿ, ಬೇರೆ ಬೇರೆ ಹೆಸರುಗಳ ಕೆಳಗೆ ಕಾಣಿಸಿಕೊಳ್ಳುತ್ತದೆ. ವಿಮರ್ಶಕರು ಇದನ್ನು ಕಾವ್ಯವೆಂದು ಒಪ್ಪಲಿಲ್ಲ. ಬೇರೆಯವರು ಕಟ್ಟಿದ ಹಾಡನ್ನು ತನ್ನ ದುಃಖಕ್ಕೆ ಹೊಂದಿಸಿಕೊಂಡು ಹಾಡುವ ಹೆಂಗಸನ್ನು ನಮ್ಮ ಜನಪದದಲ್ಲಿ ಕಂಡಿರುವ ನನಗೆ, ಆ ತಿರಸ್ಕಾರ ಸರಿಯೆನಿಸುವುದಿಲ್ಲ.

ನಮ್ಮ ಪತ್ರಿಕೆಗಳ ಪುಣ್ಯಸ್ಮರಣೆಯ ಜಾಹೀರಾತುಗಳಲ್ಲೂ ಭಾವಚಿತ್ರ, ಅಗಲಿದ ದಿನ, ದುಃಖತಪ್ತ ಕುಟುಂಬದವರ ಹೆಸರುಗಳ ಉದ್ದನೆಯ ಪಟ್ಟಿ ಇರುತ್ತವೆ. ಅಪರೂಪಕ್ಕೆ ಪದ್ಯವೂ ಇರುತ್ತದೆ. ಆದರೆ ಅಲ್ಲಿ ಹೆಚ್ಚಾಗಿ ಮಾತನಾಡುವುದು ಬಂಧುಬಳಗದ ಪಟ್ಟಿ. ಅಗಲಿದವರನ್ನು ನೇರವಾಗಿ ಕರೆದು ಆಡುವ ಮಾತು ಕಡಿಮೆ.

ಅದೇ ಕಾಲದಲ್ಲಿ ದೊಡ್ಡ ಕವಿಗಳೂ ಪತ್ರಿಕೆಗೆ ಬರೆಯುತ್ತಿದ್ದರು. 1922ರ ಮೇ ತಿಂಗಳಲ್ಲಿ ಐದನೆಯ ಜಾರ್ಜ್ ದೊರೆ ಯುದ್ಧಸಮಾಧಿಗಳ ಯಾತ್ರೆ ಕೈಗೊಂಡಾಗ ಅದನ್ನು ಕುರಿತ ರಡ್ಯಾರ್ಡ್ ಕಿಪ್ಲಿಂಗರ ಪದ್ಯ ಪತ್ರಿಕೆಯಲ್ಲೇ ಬಂತು. ಕಿಪ್ಲಿಂಗರ ಒಬ್ಬನೇ ಮಗ 1915ರಲ್ಲಿ ಲೂಸ್ ಕದನದಲ್ಲಿ ಕಾಣೆಯಾಗಿದ್ದ, ದೇಹ ಸಿಕ್ಕಿರಲಿಲ್ಲ. 1930ರಲ್ಲಿ ಆಸ್ಥಾನಕವಿಯಾದ ಜಾನ್ ಮೇಸ್‌ಫೀಲ್ಡ್, ಪದ್ಯ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲೆಂದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟು 'ದಿ ಟೈಮ್ಸ್' ಪತ್ರಿಕೆಗೆ ಕಳಿಸುತ್ತಿದ್ದರೆಂಬ ಮಾತು ಇಲ್ಲಿ ಪ್ರಸಿದ್ಧ. 1938ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಚೇಂಬರ್ಲೇನ್ ಹಿಟ್ಲರನನ್ನು ಕಾಣಲು ವಿಮಾನ ಹತ್ತಿದ ಮರುದಿನವೇ ಆ ಪತ್ರಿಕೆಯಲ್ಲಿ ಮೇಸ್‌ಫೀಲ್ಡರ ನಾಲ್ಕು ಸಾಲು ಅಚ್ಚಾದವು. ಗ್ರೀಕ್ ಮಹಾಕಾವ್ಯ 'ಇಲಿಯಡ್'ನಲ್ಲಿ ಟ್ರಾಯ್ ನಗರದ ಮುದಿ ದೊರೆ ಪ್ರಿಯಾಮ್, ಸತ್ತ ಮಗನ ದೇಹವನ್ನು ಬೇಡಲು ಅವನನ್ನು ಕೊಂದ ಅಕಿಲೀಸನ ಬಳಿಗೆ ಹೋದಂತೆ, ಇನ್ನೂ ಸಾಯದ ತರುಣರ ದೇಹಗಳನ್ನು ಇನ್ನೂ ಶುರುವಾಗದ ಯುದ್ಧದಿಂದ ಬೇಡಿ ತರಲು ನೀವು ಹೊರಟಿದ್ದೀರಿ ಎಂಬುದು ಅದರ ಭಾವ. ಆ ಸಂಧಾನ ವಿಫಲವಾಗಿ ಮರುವರ್ಷವೇ ಯುದ್ಧ ಬಂದದ್ದನ್ನು ಬಲ್ಲ ನಾವು ಇಂದು ಈ ಪದ್ಯವನ್ನು ಸುಲಭವಾಗಿ ತಳ್ಳಿಹಾಕಬಹುದು. ಆದರೆ ಮಕ್ಕಳ ದೇಹವನ್ನೂ ಕಾಣದೆ ಇಪ್ಪತ್ತು ವರ್ಷ ಸ್ಮರಣೆಯ ಪದ್ಯ ಹಾಕಿಸಿದ ತಂದೆತಾಯಿಯರು ಆ ಬೆಳಿಗ್ಗೆ ಅದನ್ನು ಹೇಗೆ ಓದಿರಬಹುದೆಂದು ಯೋಚಿಸಿದರೆ, ಕಾವ್ಯಕ್ಕೆ ಸುದ್ದಿಯ ಪಕ್ಕದಲ್ಲಿ ಮಾತ್ರ ಒದಗುವ ಬಲವೊಂದಿದೆ ಎಂಬುದು ತಿಳಿಯುತ್ತದೆ. ಹತ್ತು ದಿನ ಕಾದು ಪುರವಣಿಯಲ್ಲಿ ಬಂದಿದ್ದರೆ ಆ ಸಾಲುಗಳಿಗೆ ಆ ಬಲ ಇರುತ್ತಿರಲಿಲ್ಲ.

ಇನ್ನು ದಿನಕ್ಕೊಂದು ಪದ್ಯ. 1935ರಿಂದ 'ಡೈಲಿ ಮಿರರ್' ಪತ್ರಿಕೆಯಲ್ಲಿ ಪೇಷನ್ಸ್ ಸ್ಟ್ರಾಂಗ್ ಎಂಬ ಹೆಸರಿನಲ್ಲಿ ವಿನಿಫ್ರೆಡ್ ಮೇ ಬರೆದ ಸಾಂತ್ವನದ ಪದ್ಯಗಳನ್ನು ಸಾಲು ಮುರಿಯದೆ ಗದ್ಯದಂತೆಯೇ ಜೋಡಿಸುತ್ತಿದ್ದರು. ಓದುತ್ತ ಹೋದಂತೆ ಪ್ರಾಸ ಕಿವಿಗೆ ಬೀಳುತ್ತಿತ್ತು. ಅವು ಶ್ರೇಷ್ಠ ಕಾವ್ಯವೆಂದು ನಾನು ವಾದಿಸುವುದಿಲ್ಲ. ಆದರೂ ಕೆಲಸಕ್ಕೆ ಹೊರಡುವ ಮುನ್ನ ಲಯಬದ್ಧವಾದ ಒಂದು ಮಾತನ್ನು ಓದುವ ರೂಢಿ ಲಕ್ಷಾಂತರ ಮನೆಗಳಲ್ಲಿ ಬೆಳೆಯಿತಲ್ಲ, ಅದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ದಿನಕರ ದೇಸಾಯಿಯವರ ಚೌಪದಿ, ಡುಂಡಿರಾಜರ ಹನಿಗವನ ಇಂಥ ಓದುಗರನ್ನು ಗಳಿಸಿಕೊಟ್ಟಿವೆ. ಆ ದಾರಿಯಲ್ಲಿ ನಾವು ಇನ್ನಷ್ಟು ನಡೆಯಬೇಕಿತ್ತು.

ಬಿ.ಎಂ.ಶ್ರೀ. ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂತು, ಅಂದರೆ ಈ ಪತ್ರಿಕೆಗಳ ಕಾಲದಲ್ಲೇ. ಅದರಿಂದ ಕನ್ನಡಕ್ಕೆ ಆದ ಉಪಕಾರವನ್ನು ಅಳೆಯಲಾಗದು. ಆದರೆ ಅದರ ಮೂಲಕ ನಮಗೆ ಬಂದದ್ದು ಸಂಕಲನಗಳಲ್ಲಿ ಆಗಲೇ ನೆಲೆಯೂರಿದ್ದ ಕಾವ್ಯ. ಬೆಳಿಗ್ಗೆ ಬಂದು ಸಂಜೆಗೆ ಹಳತಾಗುವ ಪತ್ರಿಕೆಯ ಕಾವ್ಯದ ಪರಿಚಯ ಆಗಲಿಲ್ಲ. ಆ ಪತ್ರಿಕೆಗಳಲ್ಲಿ ಹೊಸತಕ್ಕೂ ಎಡೆಯಿತ್ತು. ಸ್ಕಾಟ್ಲೆಂಡಿನ ಮಾಂಟ್ರೋಸ್ ಎಂಬ ಸಣ್ಣ ಊರಿನಲ್ಲಿ ವರದಿಗಾರನಾಗಿದ್ದ ಕ್ರಿಸ್ಟಫರ್ ಗ್ರೀವ್, ಮುಂದೆ ಹ್ಯೂ ಮ್ಯಾಕ್‌ಡಯರ್ಮಿಡ್ ಎಂದು ಹೆಸರಾದವರು, ಸ್ಕಾಟ್ಸ್ ನುಡಿಯಲ್ಲಿ ಬರೆದ 'ದಿ ವಾಟರ್‌ಗಾ' ಎಂಬ ಕವಿತೆ 1922ರಲ್ಲಿ ಮೊದಲು ಅಚ್ಚಾದದ್ದು 'ಡನ್‌ಫರ್ಮ್ಲಿನ್ ಪ್ರೆಸ್' ಎಂಬ ಊರಪತ್ರಿಕೆಯಲ್ಲಿ. ಮನೆಮಾತಾಗಿ ಉಳಿದಿದ್ದ ನುಡಿಯೊಂದರ ಆಧುನಿಕ ಕಾವ್ಯಕ್ಕೆ ರಾಜಧಾನಿಯ ಸಾಹಿತ್ಯಪತ್ರಿಕೆಗಿಂತ ಮೊದಲು ಜಾಗ ಕೊಟ್ಟದ್ದು ಅಂಥದೊಂದು ಪತ್ರಿಕೆ.

ನಮ್ಮ ದಿನಪತ್ರಿಕೆಗಳಿಗೆ ಇಂದು ಜಿಲ್ಲೆಗೊಂದು ಆವೃತ್ತಿಯಿದೆ. ಮಡಿಕೇರಿಯ ಪುಟದಲ್ಲಿ ಕೊಡವ, ಪುತ್ತೂರಿನ ಪುಟದಲ್ಲಿ ತುಳು, ಕಲಬುರಗಿಯ ಪುಟದಲ್ಲಿ ಅಲ್ಲಿನದೇ ಕನ್ನಡದ ಎಂಟು ಸಾಲಿನ ಪದ್ಯವನ್ನು ವಾರದ ನಡುವೆ, ಮಳೆಬೆಳೆಯ ಸುದ್ದಿಯ ಮಗ್ಗುಲಲ್ಲಿ ಹಾಕಲು ಬೇಕಾದದ್ದು ಅಂಗೈಯಗಲದ ಜಾಗ ಮತ್ತು ಅದನ್ನು ಆರಿಸಬಲ್ಲ ಒಬ್ಬ ಉಪಸಂಪಾದಕ.